ಹೊರದೇಶಕ್ಕೆ ಟರ್ಬೈನು, ತಂತ್ರಜ್ಞಾನ ಕಳಿಸಲು ಯಾವ ಹಣ ಒಳ್ಳೆಯದು? ಉತ್ತರ ಕನ್ನಡದ ಸಣ್ಣ ಇಂಧನ ಉದ್ಯಮಗಳಿಗೊಂದು ಹೋಲಿಕೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಳ್ಳದ ನೀರಿಗೆ ಪೈಪು ಹಾಕಿ ಮನೆಗೆ ಕರೆಂಟು ಮಾಡಿಕೊಂಡವರಿಗೆ ಪಿಕೋ ಹೈಡ್ರೋ ಲೆಕ್ಕ ಬಾಯಿಪಾಠ. 30 ಮೀಟರ್ ಎತ್ತರದಿಂದ ಸೆಕೆಂಡಿಗೆ 6 ಲೀಟರ್ ನೀರು ಇಳಿದರೆ, ಪೈಪಿನಲ್ಲಿ, ಯಂತ್ರದಲ್ಲಿ ಆಗುವ ನಷ್ಟವೆಲ್ಲ ಕಳೆದು ಹತ್ತಿರಹತ್ತಿರ 1 ಕಿಲೋವ್ಯಾಟ್ ಕೈಗೆ ಸಿಗುತ್ತದೆ. ಮಳೆ ಹಿಡಿದ ಮೇಲೆ ಯಂತ್ರ ಹಗಲೂ ರಾತ್ರಿಯೂ ಓಡುತ್ತದೆ. ಮನೆಯವರು ದೀಪ ಆರಿಸಿ ಮಲಗಿದರೆ ಟರ್ಬೈನು ಹುಚ್ಚೆದ್ದು ಓಡಬಾರದಲ್ಲ, ಅದಕ್ಕಾಗಿ ಕಂಟ್ರೋಲರ್ ಎಂಬ ಪೆಟ್ಟಿಗೆ ಉಳಿದ ವಿದ್ಯುತ್ತನ್ನು ಬಚ್ಚಲ ಹಂಡೆಯ ಹೀಟರಿಗೆ ತಿರುಗಿಸುತ್ತದೆ. ಬೆಳಿಗ್ಗೆ ಏಳುವಷ್ಟರಲ್ಲಿ ಮಿಂದುಕೊಳ್ಳಲು ಬಿಸಿನೀರು ತಯಾರು.

ಇಂಥ ಯಂತ್ರವನ್ನು, ಅದಕ್ಕಿಂತ ಹೆಚ್ಚಾಗಿ ಅದನ್ನು ಕೂರಿಸಿ ವರ್ಷಗಟ್ಟಲೆ ಓಡಿಸುವ ಅನುಭವವನ್ನು ಬೇಡುವ ಗುಡ್ಡಗಾಡುಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಸಹರಾದ ಕೆಳಗಿನ ಆಫ್ರಿಕಾದಲ್ಲಿ ಸುಮಾರು 60 ಕೋಟಿ ಜನರಿಗೆ ಇನ್ನೂ ವಿದ್ಯುತ್ ಇಲ್ಲ. 2030ರೊಳಗೆ ಅವರಲ್ಲಿ 30 ಕೋಟಿ ಜನರಿಗೆ ಸಂಪರ್ಕ ಕೊಡುತ್ತೇವೆಂದು ವಿಶ್ವಬ್ಯಾಂಕ್ ಮತ್ತು ಆಫ್ರಿಕನ್ ಅಭಿವೃದ್ಧಿ ಬ್ಯಾಂಕ್ 2024ರಲ್ಲಿ ಘೋಷಿಸಿವೆ. ಇತ್ತ ಕಾಳಿ ನದಿಯ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ವಿದ್ಯುದಾಗಾರಗಳೂ ಶರಾವತಿಯ ಗೇರುಸೊಪ್ಪೆಯೂ ಕೈಗಾದ ನಾಲ್ಕು ಘಟಕಗಳೂ ಈ ಜಿಲ್ಲೆಯಲ್ಲಿ ನಿರ್ವಹಣೆಯ ಕೆಲಸ ಬಲ್ಲ ಒಂದು ತಲೆಮಾರನ್ನೇ ತಯಾರು ಮಾಡಿವೆ. ಕೈಗಾದ ಒಂದನೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ ಕೊನೆಯವರೆಗೆ ಒಮ್ಮೆಯೂ ನಿಲ್ಲದೆ 962 ದಿನ ಓಡಿ ಆಗ ವಿಶ್ವದಾಖಲೆ ಮಾಡಿತು. ಪರಮಾಣು ತಂತ್ರಜ್ಞಾನದ ರಫ್ತು ಸರ್ಕಾರಗಳ ನಡುವಿನ ಮಾತು, ಅದು ನಮ್ಮ ವಿಷಯವಲ್ಲ. ಆದರೆ ವಾಲ್ವು, ಪಂಪು, ಬೇರಿಂಗು ನೋಡಿಕೊಳ್ಳುವ ಕೈಗಳು ಇಲ್ಲೇ ಇವೆ. ಇವತ್ತು ಈ ಕರಾವಳಿಯ ಕೌಶಲ ಒಬ್ಬೊಬ್ಬರ ಸೂಟ್‌ಕೇಸಿನಲ್ಲಿ ಗಲ್ಫಿಗೆ ಹೋಗುತ್ತದೆಯೇ ಹೊರತು ಇಲ್ಲಿನ ಕಂಪನಿಯ ಬಿಲ್ಲಿನಲ್ಲಿ ಹೋಗುವುದು ಅಪರೂಪ.

ಹೋಗದಿರಲು ಒಂದು ದೊಡ್ಡ ಕಾರಣ ಹಣ. ಹೊರದೇಶದ ವಿಚಾರಣೆ ಬಂದ ಕೂಡಲೇ ಎಲ್ಲರೂ ಮೊದಲು ಕೇಳುವುದು ಎಲ್ಲಿ ಬಡ್ಡಿ ಕಡಿಮೆ ಎಂದು. ಲೆಕ್ಕಪತ್ರ ನೋಡಿಕೊಡುವ ಕೆಲಸದವನಾಗಿ ನಾನು ಹೇಳುವುದು ಇಷ್ಟೆ: ಅದು ಕಟ್ಟಕಡೆಯ ಪ್ರಶ್ನೆ. ಮೊದಲ ಪ್ರಶ್ನೆ, ಕೊಂಡವನು ದುಡ್ಡು ಕೊಡದಿದ್ದರೆ ನಷ್ಟ ಯಾರ ತಲೆಗೆ ಬರುತ್ತದೆ ಎಂಬುದು. ಮುಂದೆ ಹೇಳುವ ದಾರಿಗಳನ್ನೆಲ್ಲ ಈ ಒಂದು ಪ್ರಶ್ನೆಯನ್ನೇ ಇಟ್ಟುಕೊಂಡು ಅಳೆದಿದ್ದೇನೆ.

ಒಂದು ಆರ್ಡರಿನ ಲೆಕ್ಕ

ಒಂದು ಉದಾಹರಣೆ ಹಾಕಿಕೊಳ್ಳೋಣ. ಪೂರ್ವ ಆಫ್ರಿಕಾದ ಒಂದು ಸಂಸ್ಥೆ 1 ಕಿಲೋವ್ಯಾಟಿನ 40 ಯಂತ್ರ ಕೇಳಿದೆ. ಯಂತ್ರಗಳಿಗೆ 60 ಲಕ್ಷ, ಅಲ್ಲಿಗೆ ಹೋಗಿ ಕೂರಿಸಲು ನೆರವಾಗಿ ಹುಡುಗರಿಗೆ ತರಬೇತಿ ಕೊಡಲು 12 ಲಕ್ಷ, ಒಟ್ಟು 72 ಲಕ್ಷ ರೂಪಾಯಿ. ಷರತ್ತು ಹೀಗಿದೆ: 20 ಶೇಕಡಾ ಮುಂಗಡ, ಹಡಗಿಗೆ ಹಾಕಿದ ದಾಖಲೆ ಕೊಟ್ಟಾಗ 60 ಶೇಕಡಾ, ಯಂತ್ರ ಚಾಲೂ ಆದಾಗ 10, ಒಂದು ವರ್ಷದ ಗ್ಯಾರಂಟಿ ಅವಧಿ ಮುಗಿದ ಮೇಲೆ ಉಳಿದ 10.

ಮುಂಗಡ 14.4 ಲಕ್ಷ ಬಂತು ಎಂದು ಖುಷಿಪಡುವ ಹಾಗಿಲ್ಲ. ಅಷ್ಟೇ ಮೊತ್ತಕ್ಕೆ ಅವರು ಬ್ಯಾಂಕ್ ಗ್ಯಾರಂಟಿ (ನೀವು ಕೈಕೊಟ್ಟರೆ ನಿಮ್ಮ ಬ್ಯಾಂಕು ದುಡ್ಡು ಕೊಡುತ್ತದೆಂಬ ಖಾತರಿ) ಕೇಳುತ್ತಾರೆ, ಕೆಲಸ ಸರಿಯಾಗಿ ಮಾಡುತ್ತೀರಿ ಎಂಬುದಕ್ಕೆ ಇನ್ನೊಂದು 10 ಶೇಕಡಾ ಗ್ಯಾರಂಟಿ ಬೇರೆ. ಎರಡೂ ಸೇರಿ 21.6 ಲಕ್ಷ. ನಿಮ್ಮ ಬ್ಯಾಂಕು ಅದಕ್ಕೆ ಕಾಲುಭಾಗ ಮಾರ್ಜಿನ್ ಕೇಳಿತು ಎನ್ನಿ, 5.4 ಲಕ್ಷ ಎಫ್‌ಡಿಯಲ್ಲಿ ಸಿಕ್ಕಿಕೊಂಡಿತು. ಕೈಯಲ್ಲಿ ಉಳಿದದ್ದು 9 ಲಕ್ಷ. ಕಬ್ಬಿಣ, ತಾಮ್ರ, ಜನರೇಟರು, ಎರಕ, ಕೂಲಿ ಎಲ್ಲ ಸೇರಿ ತಯಾರಿಕೆಗೆ 44 ಲಕ್ಷ ಹಿಡಿದರೆ 35 ಲಕ್ಷ ಸಾಲ ಬೇಕು. ಆರು ತಿಂಗಳಿಗೆ ಶೇಕಡಾ 10ರ ಬಡ್ಡಿ 1.75 ಲಕ್ಷ.

ಈಗ ಗಮನಿಸಿ. ಅಲ್ಲಿ ಇಲ್ಲಿ ಓಡಾಡಿ ಬಡ್ಡಿಯನ್ನು ಒಂದು ಶೇಕಡಾ ಇಳಿಸಿದರೆ ಉಳಿಯುವುದು 17,500 ರೂಪಾಯಿ. ಸಾಗಣೆ, ವಿಮೆ, ಬ್ಯಾಂಕಿನ ಶುಲ್ಕಕ್ಕೆ 3 ಲಕ್ಷ, ಇಬ್ಬರ ಪ್ರಯಾಣ, ವಸತಿ, ಸಂಬಳಕ್ಕೆ 8 ಲಕ್ಷ ಕಳೆದರೆ ಇಡೀ ಆರ್ಡರಿನ ಲಾಭ 15.25 ಲಕ್ಷ. ಕೊನೆಯ ಎರಡು ಕಂತು ಸೇರಿ 14.4 ಲಕ್ಷ. ಅಂದರೆ ಲಾಭವೆಲ್ಲ ಕೂತಿರುವುದು ಆ ಎರಡು ಕಂತುಗಳಲ್ಲೇ. ಅವು ಬಾರದೇ ಹೋದರೆ ವರ್ಷವಿಡೀ ಬಿಟ್ಟಿ ದುಡಿದಂತೆ. ನಡುವಿನ 43.2 ಲಕ್ಷವೇ ಬಾರದಿದ್ದರೆ ಸಾಲ ತೀರಿಸುವುದು ಎಲ್ಲಿಂದ? ಆಗ ಬ್ಯಾಂಕು ನೋಡುವುದು ಜಾಮೀನಿಗಿಟ್ಟ ತೋಟವನ್ನು.

ಹಣ ಎಲ್ಲಿ, ಎಷ್ಟು ಕಾಲ ಸಿಕ್ಕಿಕೊಳ್ಳುತ್ತದೆ ಎಂಬ ಈ ಪಟ್ಟಿಯನ್ನು ನಿಮ್ಮ ಆರ್ಡರಿಗೂ ಬರೆದುಕೊಳ್ಳಿ. ಆಯ್ಕೆಯ ಅರ್ಧ ಕೆಲಸ ಅಲ್ಲಿಗೆ ಮುಗಿಯುತ್ತದೆ.

ಪ್ಯಾಕಿಂಗ್ ಕ್ರೆಡಿಟ್: ರೂಪಾಯಿಯೋ, ಡಾಲರೋ

ಆರ್ಡರ್ ತೋರಿಸಿ ಮಾಲು ತಯಾರಿಸಲು ಪಡೆಯುವ ಸಾಲವೇ ಪ್ಯಾಕಿಂಗ್ ಕ್ರೆಡಿಟ್. ರಫ್ತಿನ ಹಣ ಬಂದಾಗ ಅದರಿಂದಲೇ ತೀರಬೇಕು. ರೂಪಾಯಿಯಲ್ಲಿ ತೆಗೆದುಕೊಳ್ಳಬಹುದು, ವಿದೇಶಿ ಕರೆನ್ಸಿಯಲ್ಲೂ ಸಿಗುತ್ತದೆ. ಡಾಲರ್ ಸಾಲದ ದರ ಸಾಮಾನ್ಯವಾಗಿ ಕಡಿಮೆ ಕಾಣುತ್ತದೆ. ಬಿಲ್ಲೂ ಡಾಲರಿನಲ್ಲೇ ಇರುವುದರಿಂದ ಬಂದ ಡಾಲರಿನಿಂದಲೇ ತೀರುತ್ತದೆ, ವಿನಿಮಯ ದರ ಏರಿದರೂ ಇಳಿದರೂ ಸಾಲದ ಮಟ್ಟಿಗೆ ಚಿಂತೆಯಿಲ್ಲ. ಆದರೆ ಆರ್ಡರ್ ರದ್ದಾದರೆ ಪೇಟೆಯಲ್ಲಿ ಅವತ್ತಿನ ದರಕ್ಕೆ ಡಾಲರ್ ಕೊಂಡು ತೀರಿಸಬೇಕು. ಹಾಗಾಗಿ ಹಣ ಬರುವುದು ಗಟ್ಟಿಯಿದ್ದಾಗ, ಅಂದರೆ ಒಳ್ಳೆಯ ಬ್ಯಾಂಕಿನ ಎಲ್‌ಸಿ (ದುಡ್ಡು ಕೊಡುತ್ತೇನೆಂದು ಗಿರಾಕಿಯ ಬ್ಯಾಂಕು ಬರೆದುಕೊಡುವ ಮಾತು) ಕೈಯಲ್ಲಿದ್ದಾಗ ಮಾತ್ರ ಡಾಲರ್ ಸಾಲ. ಹೊಸ ಗಿರಾಕಿ, ಬರೀ ಪರ್ಚೇಸ್ ಆರ್ಡರ್ ಎಂದಾದರೆ ರೂಪಾಯಿಯೇ ವಾಸಿ.

ಬಡ್ಡಿ ರಿಯಾಯಿತಿಯ ಬಗ್ಗೆ ಹಳೆಯ ಮಾತು ನಂಬಿ ಹೋಗಬೇಡಿ. 2015ರಲ್ಲಿ ಶುರುವಾದ ಬಡ್ಡಿ ಸಮೀಕರಣ ಯೋಜನೆ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಅದಾದ ಮೇಲೆ ಕೇಂದ್ರ ಸರ್ಕಾರ 2025ರ ನವೆಂಬರಿನಲ್ಲಿ 25,060 ಕೋಟಿ ರೂಪಾಯಿಯ ರಫ್ತು ಉತ್ತೇಜನ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. 2030-31ರವರೆಗಿನ ಈ ಕಾರ್ಯಕ್ರಮದ ‘ನಿರ್ಯಾತ್ ಪ್ರೋತ್ಸಾಹನ್’ ಭಾಗದಲ್ಲಿ ಬಡ್ಡಿ ನೆರವೂ ಬರುತ್ತದೆ. ಬ್ಯಾಂಕಿಗೆ ಹೋದಾಗ ಈ ಹೆಸರು ಹಿಡಿದೇ ಕೇಳಿ.

ಇನ್ನು ಜಾಮೀನು. ನಮ್ಮಲ್ಲಿ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನ ಜಾಗ) ಎಷ್ಟೇ ಎಕರೆ ಇರಲಿ, ಅದು ಅಡಮಾನಕ್ಕೆ ಬರುವುದಿಲ್ಲ. ಮ್ಯಾನೇಜರ ಕಣ್ಣು ನೇರ ಬಾಗಾಯ್ತು ಜಮೀನಿನ ಪಹಣಿಯ ಮೇಲೆ. ಅಪ್ಪ, ಅಜ್ಜ ಕಟ್ಟಿದ ಅಡಿಕೆ ತೋಟವನ್ನು ಸಾವಿರಾರು ಮೈಲಿಯಾಚೆಯ ಗಿರಾಕಿಯ ನಿಯತ್ತಿಗೆ ಒತ್ತೆಯಿಡುವುದು ನನಗೆ ಖಂಡಿತ ಒಪ್ಪಿಗೆಯಿಲ್ಲ. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಸಿಜಿಟಿಎಂಎಸ್‌ಇ ಎಂಬ ಸಾಲ ಖಾತರಿ ನಿಧಿ ಇದೆ. 2025ರ ಏಪ್ರಿಲ್‌ನಿಂದ ಅದರ ಮಿತಿ 10 ಕೋಟಿಗೆ ಏರಿದೆ. ಅದರಡಿ ಜಾಮೀನಿಲ್ಲದೆ ದುಡಿಯುವ ಬಂಡವಾಳ ಕೊಡಲು ಬರುತ್ತದೆ. ವರ್ಷಕ್ಕಿಷ್ಟು ಎಂದು ಶುಲ್ಕ ಕಟ್ಟಬೇಕು. ತೋಟ ಒತ್ತೆಯಿಂದ ಉಳಿಯಲಿಕ್ಕೆ ಅಷ್ಟು ಕೊಡುವುದು ದುಬಾರಿಯೇನಲ್ಲ.

ಇಸಿಜಿಸಿ: ಎರಡು ವಿಮೆ ಬೇರೆಬೇರೆ

ತುಂಬ ಜನ ಎಡವುವುದು ಇಲ್ಲಿ. ರಫ್ತು ಸಾಲದ ವಿಮೆಗೆಂದೇ 1957ರಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆ ಇಸಿಜಿಸಿ. ‘ನಮ್ಮ ಸಾಲಕ್ಕೆ ಇಸಿಜಿಸಿ ಇದೆ ಮಾರಾಯ್ರೆ, ಏನಾಗುವುದಿಲ್ಲ’ ಎಂದು ನಿಶ್ಚಿಂತೆಯಾಗಿರುವವರು ಮೊದಲು ಯಾರ ಹೆಸರಿನ ಪಾಲಿಸಿ ಎಂದು ನೋಡಬೇಕು. ಬ್ಯಾಂಕು ತನ್ನ ಸಾಲ ಮುಳುಗದಿರಲೆಂದು ಮಾಡಿಸಿಕೊಳ್ಳುವ ವಿಮೆ ಬೇರೆ. ನೀವು ಸಾಲ ತೀರಿಸದಿದ್ದರೆ ಇಸಿಜಿಸಿ ಬ್ಯಾಂಕಿಗೆ ದುಡ್ಡು ಕೊಡುತ್ತದೆ, ಆದರೆ ನಿಮ್ಮ ಸಾಲ ಹಾಗೇ ನಿಂತಿರುತ್ತದೆ, ವಸೂಲಿಯೂ ನಡೆಯುತ್ತದೆ. ರಫ್ತುದಾರನಿಗೆಂದೇ ಇರುವ ಪಾಲಿಸಿ ಇನ್ನೊಂದು. ಕೊಂಡವನು ದಿವಾಳಿಯಾದರೆ, ಮಾಲು ತೆಗೆದುಕೊಂಡು ದುಡ್ಡು ಕೊಡದಿದ್ದರೆ, ಅವನ ದೇಶದಲ್ಲಿ ಯುದ್ಧವೋ ಆಮದು ನಿಷೇಧವೋ ಆದರೆ ನಷ್ಟದ ಬಹುಪಾಲು ತುಂಬಿಕೊಡುವುದು ಇದು. ನಿಮಗೆ ಬೇಕಾದದ್ದು ಈ ಎರಡನೆಯದು. ಸಣ್ಣ ರಫ್ತುದಾರರಿಗೇ ಬೇರೆ ಪಾಲಿಸಿ ಇದೆ, ಸೇವೆಯ ರಫ್ತಿಗೂ ಇದೆ.

ದೇಶದ ಅಪಾಯ ಅನ್ನುವುದು ಬರೀ ಪುಸ್ತಕದ ಮಾತಲ್ಲ. ಇಥಿಯೋಪಿಯಾ 2023ರ ಡಿಸೆಂಬರಿನಲ್ಲಿ ತನ್ನ ವಿದೇಶಿ ಬಾಂಡಿನ ಬಡ್ಡಿ ಕಟ್ಟದೆ ನಿಂತಿತು, 2024ರ ಜುಲೈನಲ್ಲಿ ಅಲ್ಲಿನ ಕರೆನ್ಸಿ ಬಿರ್‌ನ ದರವನ್ನು ಪೇಟೆಗೆ ಬಿಟ್ಟಿತು. ಶ್ರೀಲಂಕಾ 2022ರ ಏಪ್ರಿಲಿನಲ್ಲಿ ವಿದೇಶಿ ಸಾಲ ಕಟ್ಟುವುದನ್ನೇ ನಿಲ್ಲಿಸಿತ್ತು. ಇಂಥ ಹೊತ್ತಿನಲ್ಲಿ ನಿಮ್ಮ ಗಿರಾಕಿ ಪ್ರಾಮಾಣಿಕನೇ ಇರಬಹುದು, ತನ್ನ ಬ್ಯಾಂಕಿಗೆ ಅಲ್ಲಿನ ದುಡ್ಡು ಕಟ್ಟಿಯೂ ಇರಬಹುದು. ಆ ಬ್ಯಾಂಕಿನ ಹತ್ತಿರ ನಿಮಗೆ ಕಳಿಸಲು ಡಾಲರ್ ಇರುವುದಿಲ್ಲ. ಗಿರಾಕಿಯ ಸ್ವಭಾವ ನೋಡಿ ಲೆಕ್ಕ ಹಾಕಲಾಗದ ಅಪಾಯ ಇದು. ಈ ಪಾಲಿಸಿಯಲ್ಲಿ ಅದಕ್ಕೂ ರಕ್ಷಣೆ ಇದೆ.

ಯಂತ್ರ ಸರಿಯಿಲ್ಲ ಎಂದು ಗಿರಾಕಿ ತಕರಾರು ತೆಗೆದರೆ ಮಾತ್ರ ಇಸಿಜಿಸಿ ಕೈಕೊಡುತ್ತದೆ. ಗುಣಮಟ್ಟದ ಜಗಳ ಇತ್ಯರ್ಥವಾಗುವ ತನಕ ಕ್ಲೇಮು ಇಲ್ಲ. ಇಂಧನದ ಯಂತ್ರಕ್ಕೆ ಇದು ದೊಡ್ಡ ತೂತು, ಏಕೆಂದರೆ ಹಳ್ಳದಲ್ಲಿ ನೀರು ಕಡಿಮೆಯಾಗಿ ಬಲ್ಬು ಮಂಕಾದರೂ ಬೈಗುಳ ಯಂತ್ರಕ್ಕೇ. ಒಪ್ಪಂದದಲ್ಲಿ ‘1 ಕಿಲೋವ್ಯಾಟ್ ಕೊಡುತ್ತದೆ’ ಎಂದು ಬರೆಯಬೇಡಿ. ‘ಇಷ್ಟು ಎತ್ತರ, ಇಷ್ಟು ಹರಿವು ಇದ್ದಾಗ, ಈ ವಿಧಾನದಲ್ಲಿ ಅಳೆದರೆ ಇಷ್ಟು ವ್ಯಾಟ್’ ಎಂದು ಬರೆಯಿರಿ. ಅಳೆಯುವ ದಿನ ಎರಡೂ ಕಡೆಯವರ ಸಹಿ ಬೀಳಲಿ. ಕೊನೆಯ ಎರಡು ಕಂತನ್ನು ಕಾಯುವುದು ಆ ಒಂದು ಹಾಳೆ.

ಎಲ್‌ಸಿ

ಎಲ್‌ಸಿ ಎಂದರೆ ಗಿರಾಕಿಯ ಬದಲು ಅವನ ಬ್ಯಾಂಕು ದುಡ್ಡು ಕೊಡುತ್ತೇನೆಂದು ಕೊಡುವ ಮಾತು. ಬ್ಯಾಂಕು ನೋಡುವುದು ಕಾಗದ ಮಾತ್ರ, ಮಾಲನ್ನಲ್ಲ. ಎಲ್‌ಸಿಯಲ್ಲಿ ‘ಪಿಕೋ ಹೈಡ್ರೋ ಟರ್ಬೈನ್ ಜನರೇಟರ್ ಸೆಟ್’ ಎಂದಿದ್ದು ನಿಮ್ಮ ಇನ್‌ವಾಯ್ಸಿನಲ್ಲಿ ‘ವಾಟರ್ ಟರ್ಬೈನ್’ ಎಂದಿದ್ದರೆ ದಾಖಲೆ ವಾಪಸು ಬಂತೆಂದೇ ತಿಳಿಯಿರಿ. ಸಾಮಾನ್ಯ ನಿಯಮದಂತೆ ಹಡಗಿಗೆ ಹಾಕಿದ 21 ದಿನದೊಳಗೆ ದಾಖಲೆ ಸಲ್ಲಿಸಬೇಕು, ಪರಿಶೀಲನೆಗೆ ಬ್ಯಾಂಕಿಗೆ 5 ಕೆಲಸದ ದಿನ. ದುರ್ಬಲ ದೇಶದ ಬ್ಯಾಂಕಾದರೆ ಅದು ಕೊಡದಿದ್ದರೆ ತಾನು ಕೊಡುತ್ತೇನೆಂಬ ಇನ್ನೊಂದು ಗಟ್ಟಿ ಬ್ಯಾಂಕಿನ ದೃಢೀಕರಣ ಕೇಳಿ. ಖರ್ಚು ಹೆಚ್ಚು, ಆದರೆ ಆ 43.2 ಲಕ್ಷ ಭದ್ರ. ಕೊನೆಯ ಎರಡು ಕಂತಿಗೆ ಮಾತ್ರ ಎಲ್‌ಸಿ ಸಿಗುವುದು ಕಷ್ಟ, ಅಲ್ಲಿಗೆ ಇಸಿಜಿಸಿಯೇ ಗತಿ.

ಸರ್ಕಾರದ ಸಾಲದ ಬಾಲ ಹಿಡಿದು ಹೋಗುವುದು

ಇದು ದೊಡ್ಡವರ ದಾರಿ ಎಂದು ಸಣ್ಣವರು ತಿರುಗಿಯೂ ನೋಡುವುದಿಲ್ಲ. ನೋಡಬೇಕು ಅನ್ನುತ್ತೇನೆ.

ಭೂತಾನದ ಜಲವಿದ್ಯುತ್ತನ್ನೇ ತೆಗೆದುಕೊಳ್ಳಿ. 336 ಮೆಗಾವ್ಯಾಟಿನ ಚುಖಾ, 1,020 ಮೆಗಾವ್ಯಾಟಿನ ತಾಲಾ ಎರಡಕ್ಕೂ ಭಾರತ 60 ಶೇಕಡಾ ಅನುದಾನ, 40 ಶೇಕಡಾ ಸಾಲ ಕೊಟ್ಟಿತು. 2019ರಲ್ಲಿ ಉದ್ಘಾಟನೆಯಾದ 720 ಮೆಗಾವ್ಯಾಟಿನ ಮಾಂಗ್ದೆಛುಗೆ ಬರುವಷ್ಟರಲ್ಲಿ ಅದು 30 ಅನುದಾನ, 70 ಸಾಲ ಆಯಿತು. ಹಣದ ಜೊತೆಗೇ ಇಲ್ಲಿನ ಎಂಜಿನಿಯರರೂ ಯಂತ್ರಗಳೂ ಹೋದವು. ತಂತ್ರಜ್ಞಾನ ರಫ್ತಾಗಬೇಕಾದರೆ ಅದರ ಹಿಂದೆ ಹಣವೂ ಇಲ್ಲಿಂದಲೇ ಹೋಗಬೇಕು ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಇಲ್ಲ.

ಬೇರೆ ದೇಶಗಳಿಗೆ ಇದೇ ಕೆಲಸ ಎಕ್ಸಿಮ್ ಬ್ಯಾಂಕಿನ ಮೂಲಕ ಆಗುತ್ತದೆ. 1982ರಲ್ಲಿ ಸ್ಥಾಪನೆಯಾದ ಈ ಬ್ಯಾಂಕು ಭಾರತ ಸರ್ಕಾರದ ಬೆಂಬಲದಲ್ಲಿ ಆ ದೇಶದ ಸರ್ಕಾರಕ್ಕೆ ಸಾಲದ ಮಿತಿ ಕೊಡುತ್ತದೆ. ಸಾಮಾನ್ಯವಾಗಿ ಅದರ 75 ಶೇಕಡಾ ಮಾಲು, ಸೇವೆ ಭಾರತದಿಂದಲೇ ಹೋಗಬೇಕು. 2018ರ ಅಂತರರಾಷ್ಟ್ರೀಯ ಸೌರ ಒಕ್ಕೂಟದ ಸಮ್ಮೇಳನದಲ್ಲಿ 15 ದೇಶಗಳ 27 ಸೌರ ಯೋಜನೆಗಳಿಗೆ 140 ಕೋಟಿ ಡಾಲರ್ ಸಾಲ ಕೊಡುವುದಾಗಿ ಹೇಳಿದ್ದೂ ಇದೇ ಬಗೆಯದು. ಇದರಲ್ಲಿ ರಫ್ತುದಾರನಿಗೆ ಇರುವ ಅನುಕೂಲ ದೊಡ್ಡದು: ದಾಖಲೆ ಒಪ್ಪಿಸಿದರೆ ಎಕ್ಸಿಮ್ ಬ್ಯಾಂಕು ಇಲ್ಲೇ ಹಣ ಕೊಡುತ್ತದೆ, ಮುಂದೆ ಆ ಸರ್ಕಾರ ಸಾಲ ತೀರಿಸಲಿ ಬಿಡಲಿ ನಿಮ್ಮ ಮೇಲೆ ಬರುವುದಿಲ್ಲ. ನನ್ನ ಮೊದಲ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇರೆ ಯಾವ ದಾರಿಯಲ್ಲೂ ಇಲ್ಲ.

ತೊಡಕೂ ಇದೆ. ಯೋಜನೆ ಆರಿಸುವುದು ಆ ದೇಶ, ಸಹಿಯಾಗಿ ಟೆಂಡರ್ ಬರಲು ವರ್ಷಗಳೇ ಹಿಡಿಯುತ್ತವೆ, ಟೆಂಡರಿನ ಅರ್ಹತೆ ಶಿರಸಿಯ ವರ್ಕ್‌ಶಾಪಿಗೆ ಎಟುಕುವುದಿಲ್ಲ. ಹಾಗಾಗಿ ಟೆಂಡರ್ ಹಿಡಿದ ದೊಡ್ಡ ಭಾರತೀಯ ಕಂಪನಿಗೆ ಯಂತ್ರವನ್ನೋ ತರಬೇತಿಯನ್ನೋ ಒದಗಿಸುವ ಉಪಗುತ್ತಿಗೆ ಹಿಡಿಯಿರಿ. ಬಿಲ್ಲು ರೂಪಾಯಿಯಲ್ಲಿ, ಗಿರಾಕಿ ಭಾರತದಲ್ಲೇ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇದ್ದರೆ 2006ರ ಎಂಎಸ್‌ಎಂಇ ಕಾಯ್ದೆಯ 45 ದಿನದೊಳಗೆ ಬಿಲ್ಲು ತೀರಿಸಬೇಕೆಂಬ ನಿಯಮ ನಿಮ್ಮ ಬೆನ್ನಿಗಿದೆ. 250 ಕೋಟಿಗೂ ಮೀರಿದ ವಹಿವಾಟಿನ ಕಂಪನಿಗಳು ಟ್ರೆಡ್ಸ್ ವೇದಿಕೆಯಲ್ಲಿ ನೋಂದಾಯಿಸುವುದು ಕಡ್ಡಾಯ. ಅಲ್ಲಿ ನಿಮ್ಮ ಬಿಲ್ಲನ್ನು ಅವರು ಒಪ್ಪಿದ ಮೇಲೆ ಬ್ಯಾಂಕುಗಳು ಹರಾಜು ಕೂಗಿ ಮುಂಚಿತವಾಗಿ ದುಡ್ಡು ಕೊಡುತ್ತವೆ, ದೊಡ್ಡ ಕಂಪನಿ ಆಮೇಲೆ ಕೈಯೆತ್ತಿದರೂ ಬ್ಯಾಂಕು ನಿಮ್ಮನ್ನು ಕೇಳುವಂತಿಲ್ಲ. ಲಾಭ ಕಡಿಮೆ ಸಿಗುತ್ತದೆ, ಹೆಸರು ದೊಡ್ಡವರದ್ದಾಗುತ್ತದೆ. ಹಾಗಿದ್ದರೂ ಮೊದಲ ಸಲ ಹೊರಡುವವರಿಗೆ ನಾನು ಹೇಳುವುದು ಇದನ್ನೇ. ವಿಶ್ವಬ್ಯಾಂಕಿನ ಹಣದ ಯೋಜನೆಗಳಿಗೂ ಇದೇ ದಾರಿ.

ತಿಳಿವಳಿಕೆಯನ್ನಷ್ಟೇ ಮಾರುವವರಿಗೆ

ಹಳ್ಳ ಸಮೀಕ್ಷೆ, ವಿನ್ಯಾಸ, ತರಬೇತಿ, ನಿರ್ವಹಣೆ. ಕಾರವಾರದ ಕಡೆಯ ನಿರ್ವಹಣಾ ತಂಡಗಳಿಗೆ ಇರುವುದು ಇದೇ ಸರಕು. ಗೋದಾಮಿನಲ್ಲಿ ತೋರಿಸಲು ಮಾಲು ಇಲ್ಲದ್ದರಿಂದ ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ. ಸಾಲದ ಅಗತ್ಯವೂ ಇಲ್ಲಿ ಅಷ್ಟಿಲ್ಲ. ತಿಂಗಳ ಲೆಕ್ಕದಲ್ಲಿ ಮುಂಗಡ ಪಡೆಯಿರಿ, ಒಂದು ತಿಂಗಳ ಬಾಕಿ ನಿಂತರೆ ತಂಡ ವಾಪಸು ಎಂದು ಒಪ್ಪಂದದಲ್ಲೇ ಬರೆಯಿರಿ. ಅಲ್ಲಿಯ ಸರ್ಕಾರ ತಾಂತ್ರಿಕ ಶುಲ್ಕಕ್ಕೆ ತೆರಿಗೆ ಮುರಿದುಕೊಳ್ಳಬಹುದು. ಕೀನ್ಯಾ, ಇಥಿಯೋಪಿಯಾ, ತಾಂಜಾನಿಯಾ, ನೇಪಾಳದೊಂದಿಗೆ ಎರಡು ಸಲ ತೆರಿಗೆ ತಪ್ಪಿಸುವ ಒಪ್ಪಂದ ನಮಗಿದೆ, ಅದರ ಲಾಭಕ್ಕೆ ಇಲ್ಲಿನ ತೆರಿಗೆ ನಿವಾಸಿ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಜಿಎಸ್‌ಟಿಗೆ ಪ್ರತಿ ವರ್ಷ ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಹಾಕಿದರೆ ತೆರಿಗೆ ಕಟ್ಟದೆಯೇ ರಫ್ತು ಮಾಡಬಹುದು, ಹಾಕದಿದ್ದರೆ ಕಟ್ಟಿ ಮರುಪಾವತಿಗೆ ಕಾಯಬೇಕು.

ವಿನ್ಯಾಸದ ಪರವಾನಗಿ ಕೊಟ್ಟು ಅಲ್ಲೇ ಯಂತ್ರ ಮಾಡಿಸಿ ರಾಯಧನ ಪಡೆಯುವುದೂ ಒಂದು ದಾರಿ. ಬಂಡವಾಳ ಬೇಡ, ಆದರೆ ನಕ್ಷೆ ಒಮ್ಮೆ ಕೈಬಿಟ್ಟರೆ ಎಷ್ಟು ಯಂತ್ರ ಮಾಡಿದರೆಂದು ಎಣಿಸುವವರಿಲ್ಲ. ಕಂಟ್ರೋಲರ್ ಮಾತ್ರ ಇಲ್ಲಿಂದಲೇ ಹೋಗುವಂತೆ ಇಟ್ಟುಕೊಂಡರೆ ಎಣಿಕೆ ತಾನಾಗೇ ಸಿಗುತ್ತದೆ. ನೇಪಾಳಕ್ಕೆ ಟರ್ಬೈನು ಮಾರುವ ಯೋಚನೆ ಇದ್ದರೆ ಬಿಡಿ. ಟರ್ಬೈನು, ಜನರೇಟರು ಒಟ್ಟಿಗೇ ಇರುವ ‘ಪೆಲ್ಟ್ರಿಕ್ ಸೆಟ್’ ಎಂಬ ಪುಟ್ಟ ಯಂತ್ರ ರೂಪುಗೊಂಡದ್ದೇ ಅಲ್ಲಿ, ಈ ವಿದ್ಯೆಯಲ್ಲಿ ಅವರು ನಮಗಿಂತ ಹಿರಿಯರು.

ಪಾಲು ಬಂಡವಾಳದ ಬಗ್ಗೆ ಒಂದೇ ಮಾತು. ಎಕ್ಸಿಮ್ ಬ್ಯಾಂಕ್ ಮತ್ತು ಸಣ್ಣ ಉದ್ಯಮಗಳ ಅಭಿವೃದ್ಧಿ ಬ್ಯಾಂಕಾದ ಸಿಡ್ಬಿ ಸೇರಿ ನಡೆಸುವ ‘ಉಭರ್ತೇ ಸಿತಾರೇ’ಯಲ್ಲಿ ರಫ್ತಿನ ಸಾಮರ್ಥ್ಯವಿರುವ ಸಣ್ಣ, ಮಧ್ಯಮ ಕಂಪನಿಗಳಿಗೆ ಪಾಲು ಹಣವೂ ಸಾಲವೂ ಸಿಗುತ್ತದೆ. ಹೊಸ ಯಂತ್ರ ರೂಪಿಸುವುದಕ್ಕೆ, ಹೊರದೇಶದ ಪ್ರಮಾಣೀಕರಣಕ್ಕೆ ಅಂಥ ಹಣ ಸರಿ. ಒಂದು ಆರ್ಡರ್ ಪೂರೈಸಲು ಕಂಪನಿಯ ಪಾಲು ಮಾರಬಾರದು.

ಹೊರಡುವ ಮೊದಲು

ಆಮದು-ರಫ್ತು ಕೋಡ್ ಆನ್‌ಲೈನಿನಲ್ಲೇ ಆಗುತ್ತದೆ. ಬ್ಯಾಂಕಿನ ವಿಷಯದಲ್ಲಿ ಒಂದು ಎಚ್ಚರ: ನೀವು ವರ್ಷಗಳಿಂದ ವ್ಯವಹಾರ ಮಾಡುವ ಶಾಖೆ ಎಷ್ಟೇ ಆಪ್ತವಾಗಿರಲಿ, ವಿದೇಶಿ ವಿನಿಮಯದ ಕೆಲಸ ಎಲ್ಲ ಶಾಖೆಯಲ್ಲೂ ಆಗುವುದಿಲ್ಲ. ಯಾವ ಊರಿನ ಶಾಖೆಗೆ ನಿಮ್ಮ ಕಡತ ಹೋಗುತ್ತದೆ ಎಂದು ಆರ್ಡರಿಗೆ ಸಹಿ ಹಾಕುವ ಮೊದಲೇ ಕೇಳಿ ಅಲ್ಲಿನವರನ್ನು ಒಮ್ಮೆ ಭೇಟಿಯಾಗಿ. ಎಲ್‌ಸಿಯ ಕರಡನ್ನು ಗಿರಾಕಿ ತೆರೆಯುವ ಮುನ್ನವೇ ತರಿಸಿಕೊಂಡು ಅವರಿಗೆ ತೋರಿಸಿ. ಇಸಿಜಿಸಿಯಿಂದ ಆ ಗಿರಾಕಿಯ ಹೆಸರಿಗೆ ಮಿತಿ ಮಂಜೂರಾಗುವ ತನಕ ಪೆಟ್ಟಿಗೆ ಲಾರಿ ಹತ್ತುವುದು ಬೇಡ. ರಫ್ತಿನ ಹಣ ತರಿಸಿಕೊಳ್ಳಲು ಮೊದಲು 9 ತಿಂಗಳಿದ್ದ ಗಡುವನ್ನು ರಿಸರ್ವ್ ಬ್ಯಾಂಕ್ 2025ರ ನವೆಂಬರಿನಲ್ಲಿ 15 ತಿಂಗಳಿಗೆ ಏರಿಸಿದೆ. ಆದರೂ ಮೇಲಿನ ಉದಾಹರಣೆಯ ಕೊನೆಯ ಕಂತು, ಮಾಲು ಹೋಗಿ ಚಾಲೂ ಆಗಿ ವರ್ಷ ತುಂಬಿದ ಮೇಲೆ ಬರುವಂಥದ್ದು, ಆ ಗಡುವಿನ ಅಂಚಿಗೇ ಬಂದು ನಿಲ್ಲುತ್ತದೆ. ಒಪ್ಪಂದದ ಪ್ರತಿಯೊಂದಿಗೆ ಬ್ಯಾಂಕಿಗೆ ಇದನ್ನು ಮುಂಚೆಯೇ ಬರೆದುಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳಿ.